ಹೆಬ್ಬಾತುಗಳಿಗೆ ಕಡಬು

ಮೊದಲ ಹೆಬ್ಬಾತು ಬದುವಿನ ಮೇಲೆಯೇ ಸತ್ತು ಬಿದ್ದಿತ್ತು. ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿತ್ತು. ಬಿಳಿ ತಲೆಯ ಎರಡು ಕರಿ ಪಟ್ಟೆಗಳ ಮೇಲೆ ಇಬ್ಬನಿ ಕೂತಿತ್ತು.

ಪಂಚಶೀಲಾ ಬಗ್ಗಿ ನೋಡಿದಳು. ಮುಟ್ಟಲಿಲ್ಲ. ತಲೆ ಎತ್ತಿದಳು. ಹಸಿರು ಕಡಲೆ ಹೊಲದ ತುಂಬ ಬೂದು ಬಣ್ಣದ ಗುಪ್ಪೆಗಳು. ಒಂದೂ ಅಲುಗಾಡುತ್ತಿರಲಿಲ್ಲ.

ಎಣಿಸಿದಳು. ನಲವತ್ಮೂರು.

ಕುಸನೂರಿನ ಪಂಚಶೀಲಾ ಕಮಲಾಪುರದ ಸುಣ್ಣಗುಂಡಿ ಕೆರೆಗೆ ಫಾರೆಸ್ಟ್ ಗಾರ್ಡ್ ಆಗಿ ಬಂದು ನಾಲ್ಕೇ ದಿನವಾಗಿತ್ತು. ಹೆಚ್ಚು ಮಾತಿನವಳಲ್ಲ. ಊರಿನವರೂ ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಖಾಕಿ ಕಂಡರೆ ಮುಖ ತಿರುಗಿಸುತ್ತಿದ್ದರು. ಅದಕ್ಕೆ ಕಾರಣ ಈ ಹಕ್ಕಿಗಳೇ.

ಹಿಮಾಲಯ ದಾಟಿ ಮಂಗೋಲಿಯಾದಿಂದ ಬರುವ ಹೆಬ್ಬಾತುಗಳು ಇವು. ಇಡೀ ಜಗತ್ತಿನಲ್ಲಿರುವ ಇವುಗಳ ಪೈಕಿ ನೂರಕ್ಕೊಂದು ಪಾಲು, ಅಂದರೆ ಸುಮಾರು ಸಾವಿರ ಹಕ್ಕಿ, ಒಂದೇ ಕೆರೆಗೆ ಬರುತ್ತಿದ್ದರೆ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಬಹುದು. ಜಗತ್ತಿನ ದೇಶಗಳೆಲ್ಲ ಕೂಡಿ ಕಾಯುವ ಕೆರೆ, ಜೌಗುಗಳ ಪಟ್ಟಿ ಅದು. ಸುಣ್ಣಗುಂಡಿಯ ಅರ್ಜಿ ದೆಹಲಿಗೆ ಹೋಗಿತ್ತು. ನಾಳೆ ಬೆಳಿಗ್ಗೆ ದೆಹಲಿಯ ತಂಡ ಬಂದು ನೋಡುವುದಿತ್ತು.

ಪಟ್ಟಿಗೆ ಸೇರಿದರೆ ಕೆರೆಗೆ ಮೋಟಾರು ಇಡಲು ಬಿಡುವುದಿಲ್ಲ, ಕೆಂಪು ಬಾಳೆ ತೋಟಗಳು ಒಣಗುತ್ತವೆ ಎಂದು ಊರು ಕುದಿಯುತ್ತಿತ್ತು. ಹೋದ ತಿಂಗಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೂಗಿದವನು ದೌಲಪ್ಪ. "ಹಕ್ಕಿ ಅದಾವಂತಲ್ಲೇನು ಪಟ್ಟಿ? ಹಕ್ಕೀನೇ ಇಲ್ಲದಂಗ ಮಾಡ್ತೀನಿ, ತಡೀರಿ!"

ಹಕ್ಕಿಗಳು ಸತ್ತು ಬಿದ್ದದ್ದು ಅದೇ ದೌಲಪ್ಪನ ಹೊಲದಲ್ಲಿ.

ಕಡಲೆ ಗಿಡಗಳ ನಡುವೆ ಏನೋ ಕಂಡಿತು. ಕೈಗವಸು ಹಾಕಿಕೊಂಡು ಎತ್ತಿದಳು. ಸಜ್ಜೆ ಕಡಬು. ಅರ್ಧ ತಿಂದದ್ದು. ಮೂಗಿಗೆ ಕೀಟನಾಶಕದ ಘಾಟು ಹೊಡೆಯಿತು.

* * *

ಎಂಟಕ್ಕೆ ವಲಯ ಅರಣ್ಯಾಧಿಕಾರಿ ಮಜರ್ ಬಂದರು. ಜೀಪಿನಿಂದ ಇಳಿಯುವಾಗಲೇ ಸಿಡುಕು.

"ಇವತ್ತೇ ಆಗ್ಬೇಕಿತ್ತೇನು ಇದು? ನಾಳೆ ದಿಲ್ಲಿಯವ್ರು ಬರ್ತಾರ. ಸಂಜೀಕ ನನಗ ಆರೋಪಿ ಬೇಕು. ಬಸ್."

ಅವರ ಹಿಂದೆ ಡಾಕ್ಟರ್ ವಿವೇಕಾನಂದ ಇಳಿದರು. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಅವರ ಪರಿಸರ ಸಂಸ್ಥೆ. ಪಟ್ಟಿಗೆ ಅರ್ಜಿ ಬರೆದವರು, ಹಕ್ಕಿ ಎಣಿಸಿದವರು ಅವರೇ. ಕೊರಳಲ್ಲಿ ದುರ್ಬೀನು. ಸತ್ತ ಹಕ್ಕಿಯ ಪಕ್ಕ ಮಂಡಿಯೂರಿ ಕೂತು ಕಣ್ಣೊರೆಸಿಕೊಂಡರು.

"ಒಂಬತ್ತು ದಿನದಿಂದ ದಿನಾ ಮುಂಜಾನಿ ಇಲ್ಲೇ ಕೂತು ಎಣಿಸಾಕತ್ತೀನಿ, ಸಾಹೇಬ್ರ. ಎರಡು ಸಾವಿರದ ಮ್ಯಾಲ ಇದ್ವು. ನೋಡ್ರಿ ಈಗ. ಉಳದವು ಹೆದರಿ ಹಾರಿ ಹೋಗ್ಯಾವ."

ಪಂಚಶೀಲಾ ಕೆರೆಯತ್ತ ನೋಡಿದಳು. ಬಂದ ಮೇಲೆ ಮೂರು ಮುಂಜಾನೆ ಅವಳೂ ಎಣಿಸಿದ್ದಳು. ಮುನ್ನೂರರ ಆಸುಪಾಸು. ತನ್ನದೇ ತಪ್ಪಿರಬೇಕೆಂದು ಯಾರಿಗೂ ಹೇಳಿರಲಿಲ್ಲ.

"ಸರ್... ನಾನೂ ಮೂರು ದಿನ ಇಲ್ಲೇ ಇದ್ದೆ. ನಿಮ್ಮನ್ನ ನೋಡ್ಲಿಲ್ಲ."

ವಿವೇಕಾನಂದ ನಕ್ಕರು. "ನೀವು ಹೊಸಬ್ರು, ಮೇಡಂ. ಹಕ್ಕೀಗೂ ಕಾಣದಂಗ ಕೂಡೋದೇ ನಮ್ಮ ಕಸಬು. ನಿಮಗೆಲ್ಲಿ ಕಾಣಬೇಕು?"

ಮಜರ್ ಕೂಡ ನಕ್ಕರು. ಅವಳು ತಲೆ ತಗ್ಗಿಸಿದಳು.

"ಚರಗದಾಗ ವಿಷ ಕಲಸ್ಯಾರ," ವಿವೇಕಾನಂದ ಕಡಬಿನ ತುಣುಕು ತೋರಿಸಿದರು. ನಿನ್ನೆ ಎಳ್ಳ ಅಮಾವಾಸ್ಯೆ. ಈ ಸೀಮೆಯಲ್ಲಿ ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಕಡಬು, ಸೊಪ್ಪು ಕಾಳಿನ ಬಜ್ಜಿ ಕಲಸಿ ಬೆಳೆಯ ಮೇಲೆ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ. ಅದೇ ಚರಗ. "ನಿನ್ನೆ ಮಧ್ಯಾಹ್ನ ದೌಲಪ್ಪ, ಅವನ ಹೆಂಡ್ತಿ ಇಬ್ರೂ ಬುಟ್ಟಿ ಹೊತ್ಕೊಂಡು ಬಂದು ಇಲ್ಲಿ ಚರಗ ಚೆಲ್ಲಿದ್ದು ನಾ ಕಣ್ಣಾರೆ ನೋಡೀನಿ. ಬರ್ದು ಕೊಡ್ತೀನಿ."

"ಬರೀರಿ," ಎಂದರು ಮಜರ್.

ಬದುವಿನಾಚೆ ಊರಿನವರು ಹತ್ತಿಪ್ಪತ್ತು ಜನ ನಿಂತಿದ್ದರು. ಪಂಚಶೀಲಾ ಹತ್ತಿರ ಹೋಗಿ ಕೇಳಿದಳು. "ನಿನ್ನೆ ದೌಲಪ್ಪನವ್ರು ಹೊಲಕ್ಕ ಬಂದಿದ್ರೇನ್ರೀ?"

ಒಬ್ಬ ಮುದುಕ ಪಿಚಕ್ಕೆಂದು ಉಗುಳಿದ. "ನಾವು ಏನಂದ್ರೂ ನಾಳೆ ಕೋರ್ಟಿಗೆ ಕರೀತೀರಿ. ನಮಗ ಗೊತ್ತಿಲ್ಲ, ಹೋಗವ್ವ."

* * *

ಹತ್ತು ಗಂಟೆಗೆ ದೌಲಪ್ಪನ ಹೊಲದ ಗುಡಿಸಲಿನಲ್ಲಿ ಕೀಟನಾಶಕದ ಬಾಟಲಿ ಸಿಕ್ಕಿತು. ತೊಗರಿ ಬೆಳೆಯುವ ಎಲ್ಲರ ಗುಡಿಸಲಿನಲ್ಲೂ ಇರುವಂಥದ್ದೇ. ಮಜರ್‌ಗೆ ಅಷ್ಟು ಸಾಕಿತ್ತು. ದೌಲಪ್ಪನನ್ನು ಕಮಲಾಪುರದ ಕಚೇರಿಗೆ ಎಳೆತಂದು ಬೆಂಚಿನ ಮೇಲೆ ಕೂಡಿಸಿದರು.

"ಚರಗದಾಗ ಏನ್ ಕಲಸೀದಿ?"

"ನಾ ಚರಗ ಚೆಲ್ಲಿಲ್ಲ."

"ಊರೆಲ್ಲಾ ಚೆಲ್ಲೇದ. ನೀ ಯಾಕ ಚೆಲ್ಲಿಲ್ಲ?"

ದೌಲಪ್ಪ ಹಲ್ಲು ಕಚ್ಚಿದ. "ನಿಮ್ಮ ಮುಂದ ಹೇಳೂ ಮಾತಲ್ಲ ಅದು. ಹಕ್ಕಿಗೆ ಅಳೂ ಮಂದಿ ನೀವು. ಮನಷಾರ ಸಂಕಟ ನಿಮಗೆಲ್ಲಿ ತಿಳೀತದ?"

ಮಜರ್ ಮೇಜು ಗುದ್ದಿದರು. "ನೋಡಿದ್ಯಾ ಸೊಕ್ಕು? ಪಂಚಶೀಲಾ, ಸಂಜೀ ಆರಕ್ಕ ಇವನ್ನ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸಬೇಕು. ಅಲ್ಲಿಂದ ಸೀದಾ ಜೇಲು. ಮೊದಲು ನೋಡಿದಾಕಿ ನೀನು. ವರದಿ ಬರ್ದು ಸಹಿ ಮಾಡು."

ಅವಳು ಪೆನ್ನು ತೆಗೆದಳು. ಮತ್ತೆ ಕಿಸೆಗಿಟ್ಟಳು. "ಶವಪರೀಕ್ಷೆ ಆಗ್ಲಿ ಸರ್. ಆಮ್ಯಾಲ."

* * *

ಪಶು ಆಸ್ಪತ್ರೆಯ ಡಾಕ್ಟರ್ ಅಮೀನಾ ಹೆಬ್ಬಾತಿನ ಹೊಟ್ಟೆಯಿಂದ ತೆಗೆದದ್ದನ್ನು ಟ್ರೇಯಲ್ಲಿ ಹರಡಿದ್ದರು.

"ವಿಷ ಖರೇ. ಆದ್ರ ಒಂದು ಮಾತು ನೋಡವ್ವ. ನಮ್ಮ ಓಣ್ಯಾಗಿನ ಲಿಂಗಾಯತರ ಹೊಲಕ್ಕ ನಾ ಸಣ್ಣಾಕಿ ಇದ್ದಾಗಿಂದ ಹೋಗ್ತೀನಿ. ಚರಗ ಅಂದ್ರ ಬಜ್ಜಿ ಇರಬೇಕಲ್ಲ? ಪಲ್ಯ, ಅವರೀಕಾಳು, ಹುಣಸಿ. ಇಲ್ಲಿ ಒಂದು ಕಾಳೂ ಇಲ್ಲ. ಖಾಲಿ ಕಡಬು."

"ಮರ್ತಿರಬಹುದು."

"ಚರಗಕ್ಕ ಬಜ್ಜಿ ಮರೆಯೂ ಹೆಣ್ಮಗಳು ಈ ತಾಲ್ಲೂಕಿನಾಗ ಹುಟ್ಟಿಲ್ಲ." ಅಮೀನಾ ಹೊಲದಿಂದ ತಂದ ತುಣುಕುಗಳನ್ನು ಸಾಲಾಗಿ ಇಟ್ಟರು. "ಮತ್ತ ಇದು ನೋಡು. ಎಲ್ಲಾ ಒಂದೇ ಅಳತಿ. ಮನ್ಯಾಗ ತಟ್ಟಿದ್ವು ಸಣ್ಣವು, ದೊಡ್ಡವು ಇರ್ತಾವ. ಇವು ದಿನಾ ನೂರಾರು ತಟ್ಟೂ ಕೈ ಮಾಡಿದ್ವು."

ಪಂಚಶೀಲಾಳ ಕಾಲು ಆಗಲೇ ದೌಲಪ್ಪನ ಮನೆಯತ್ತ ಹೊರಟಿತ್ತು.

* * *

ದೌಲಪ್ಪನ ಹೆಂಡತಿ ಲಲಿತಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಇನ್ನೇನ್ ಒಯ್ಯಾಕ ಬಂದೀದಿ? ಗಂಡನ್ನ ಒಯ್ದೀರಿ. ಒಲೀನೂ ಕಿತ್ಕೊಂಡು ಹೋಗು."

"ಎರಡು ಮಾತು ಕೇಳ್ಬೇಕಿತ್ತು ಬಾಯಿ."

"ಕೇಳಿ ಹಾಳಿಮ್ಯಾಗ ಬರ್ಕೋತೀದಿ. ನಿಮ್ಮ ಹಾಳಿ ಸುಡ್ಲಿ."

ಪಂಚಶೀಲಾ ಬಾಗಿಲಾಚೆಯೇ ನಿಂತಳು. ಸುಮ್ಮನೆ ಒಳಗೆ ನೋಡಿದಳು. ಅಡುಗೆಮನೆ ಕಟ್ಟೆಯ ಮೇಲೆ ತೊಳೆದು ಕವುಚಿದ ಸ್ಟೀಲಿನ ಡಬ್ಬಿಗಳು. ಏಳೆಂಟು. ಎಲ್ಲದರ ಮೇಲೂ ಹೆಸರು ಕೊರೆದಿತ್ತು. ಒಂದರ ಮೇಲೆ ಸೃಷ್ಟಿ. ಒಂದರ ಮೇಲೆ ಮಲ್ಲಿಕಾ. ಇನ್ನೊಂದರ ಮೇಲೆ ತುಳಜಾಬಾಯಿ. ಒಂದರ ಮೇಲೂ ಈ ಮನೆಯ ಹೆಸರಿರಲಿಲ್ಲ.

ಹಬ್ಬದ ಮರುದಿನ ಒಂದು ಮನೆಯಲ್ಲಿ ಊರಿನವರ ಡಬ್ಬಿಗಳೆಲ್ಲ ಯಾಕೆ?

ಉತ್ತರ ಹೊಳೆದ ಕೂಡಲೇ ಅವಳ ದನಿ ತಗ್ಗಿತು. "ಬಾಯಿ... ಮನ್ಯಾಗ ಯಾರು ತೀರ್ಕೊಂಡಾರ?"

ಲಲಿತಾಬಾಯಿಯ ಕೈ ಬಾಗಿಲಿನಿಂದ ಜಾರಿತು.

"ನಮ್ಮ ಅತ್ತಿ. ಹ್ವಾದ ಶುಕ್ರವಾರ ಮಣ್ಣು ಮಾಡಿದ್ವಿ. ಈ ವರ್ಷ ನಮಗ ಹಬ್ಬ ಇಲ್ಲ. ಒಲಿಮ್ಯಾಗ ಕಡಬಿನ ಪಾತ್ರಿ ಇಟ್ಟಿಲ್ಲ. ಓಣ್ಯಾವ್ರು ಕೊಟ್ಟದ್ದು ಉಂಡೀವಿ. ಚರಗಾ ಎಲ್ಲಿಂದ ಚೆಲ್ಲೂಣು?"

"ದೌಲಪ್ಪನವ್ರು ಇದನ್ನ ಸಾಹೇಬ್ರಿಗೆ ಯಾಕ ಹೇಳ್ಲಿಲ್ಲ?"

"ಅವ್ವನ ಸಾವು ಹೇಳಿ ನಿಮ್ಮ ಕಾಲು ಹಿಡೀಬೇಕೇನು? ಅಂಥಾ ಮನಷಾ ಅಲ್ಲ ಅಂವ."

"ಮಣ್ಣು ಎಲ್ಲಿ ಮಾಡಿದ್ರಿ?"

"ಕೆರಿ ದಂಡೀ ಆ ಕಡೆ. ಹಲಗಿ ಬಡಿತ, ಪಟಾಕಿ, ಮುನ್ನೂರು ಮಂದಿ. ಮುಂಜಾನಿ ಹತ್ತಕ್ಕ ದಂಡೀ ಮ್ಯಾಲೇ ಹಾದು ಹೋದ್ವಿ. ನಿಮ್ಮ ಹಕ್ಕಿ ಎಲ್ಲಾ ಎದ್ದು ಹಾರಿದ್ವು. ಕೆರ್ಯಾಗ ಒಂದೂ ಉಳೀಲಿಲ್ಲ."

* * *

ಮಧ್ಯಾಹ್ನ ಎರಡಕ್ಕೆ ಪಂಚಶೀಲಾ ಖೂಬಾ ಪ್ಲಾಟಿನಲ್ಲಿದ್ದಳು. ವಿವೇಕಾನಂದರ ಸಂಸ್ಥೆಯ ಹುಡುಗಿಗೆ "ಕೇಸಿಗೆ ಬೇಕು" ಎಂದು ಹೇಳಿ ಎಣಿಕೆಯ ರಿಜಿಸ್ಟರು ಪಡೆದು ರಸೀದಿ ಬರೆದುಕೊಟ್ಟಳು. ಹೊರಗೆ ಬಂದು ಓದಿದಳು. ಒಂದು ಪುಟದಲ್ಲಿ ಬೆರಳು ನಿಂತಿತು.

ಎದುರಿನ ಓಣಿಯಲ್ಲಿ ರೊಟ್ಟಿ, ಕಡಬು ಮಾರುವ ಮನೆಗಳು ಮೂರು. ವಿವೇಕಾನಂದರು ಕಡಬು ಒಯ್ದಿದ್ದರೇ ಎಂದು ಕೇಳಿದಳು. ಎರಡರಲ್ಲಿ ಇಲ್ಲವೆಂದು ತಲೆಯಲ್ಲಾಡಿಸಿದರು. ಮೂರನೆಯದು ತ್ರಿವೇಣಿಯದು. ಆಕೆ ಪಟಪಟ ಬಡಿಯುತ್ತಲೇ ಮಾತಾಡಿದಳು.

"ಹೌದ್ರೀ, ಡಾಕ್ಟರ್ ಸಾಹೇಬ್ರು ನೂರೈವತ್ತು ಕಡಬು ಒಯ್ದಾರ. ಮೊನ್ನೆ ವಾಟ್ಸಾಪಿಗೆ ಹಾಕಿದ್ರು, ನೋಡ್ರಿ ಇನ್ನೂ ಅದ. ಬಜ್ಜಿ ಎಷ್ಟು ಕೊಡ್ಲಿ ಅಂದೆ. ಬಜ್ಜಿ ಬ್ಯಾಡ ಅಂದ್ರು. ಬಜ್ಜಿ ಇಲ್ಲದ ಕಡಬು ಯಾರಿಗ್ರೀ ಅಂದ್ರ, ನಕ್ಕೋತ ಹೋದ್ರು. ಓದಿದ ಮಂದಿ, ಏನ್ ತಿಂತಾವೋ ಏನೋ!" ಪಂಚಶೀಲಾ ಆ ಮೆಸೇಜಿನ ಚಿತ್ರ ತೆಗೆದುಕೊಂಡಳು.

ಅವಳು ವಾಪಸು ಬಸ್ಸಿನಲ್ಲಿದ್ದಾಗ ಮಜರ್ ಫೋನು ಮಾಡಿದರು. ಅವಳು ಎಲ್ಲ ಹೇಳಿದಳು.

"ಪಂಚಶೀಲಾ, ಜರಾ ತಿಳಕೋ. ವಿವೇಕಾನಂದರ ಎಣಿಕಿ ಸುಳ್ಳಂದ್ರ ನಮ್ಮ ಅರ್ಜೀನೇ ಸುಳ್ಳು. ಕೆರಿ ಪಟ್ಟಿಗೆ ಸೇರಂಗಿಲ್ಲ. ನಿನಗೂ ಕೆರಿ ಉಳೀಬೇಕು, ಹೌದಲ್ಲೋ? ಸಹಿ ಮಾಡು. ದೌಲಪ್ಪಗ ತಿಂಗಳೊಪ್ಪತ್ತಿನಾಗ ಜಾಮೀನು ಸಿಗ್ತದ."

ಕೆರೆ ಉಳಿಯಬೇಕಿತ್ತು. ಈ ನೌಕರಿಗೆ ಬಂದದ್ದೇ ಅದಕ್ಕೆ. ಆದರೂ ಹೇಳಿದಳು.

"ವಿವೇಕಾನಂದ ಸರ್‌ನ ಐದೂವರಿಗೆ ಆಫೀಸಿಗೆ ಕರಸ್ರಿ ಸರ್."

* * *

ಐದೂವರೆ. ಬೆಂಚಿನ ಮೇಲೆ ದೌಲಪ್ಪ. ಎದುರಿನ ಕುರ್ಚಿಯಲ್ಲಿ ವಿವೇಕಾನಂದ.

ಪಂಚಶೀಲಾ ನಿಂತೇ ಇದ್ದಳು. ರಿಜಿಸ್ಟರು ಬಿಚ್ಚಿ ಮಜರ್ ಮುಂದಿಟ್ಟಳು.

"ಹನ್ನೆರಡನೇ ತಾರೀಖಿನ ಹಾಳಿ ಓದ್ರಿ ಸರ್."

ಮಜರ್ ಓದಿದರು. "ಶುಕ್ರವಾರ. ಬೆಳಿಗ್ಗೆ ಏಳರಿಂದ ಹನ್ನೆರಡು. ಹೆಬ್ಬಾತು ಎರಡು ಸಾವಿರದ ನೂರ ಹದಿನೆಂಟು. ಶಾಂತ ವಾತಾವರಣ. ಜನರ ಓಡಾಟವಿಲ್ಲ."

"ಅವತ್ತು ಹತ್ತು ಗಂಟೆಗೆ ಕೆರಿ ದಂಡೀ ಮ್ಯಾಲ ಮುನ್ನೂರು ಮಂದಿ ಹೋಗ್ಯಾರ. ಹಲಗಿ ಹೊಡ್ಕೋತ, ಪಟಾಕಿ ಸುಟ್ಕೋತ. ಇವ್ರ ಅವ್ವನ ಮಣ್ಣಿಗೆ."

ದೌಲಪ್ಪ ತಟ್ಟನೆ ತಲೆ ಎತ್ತಿದ.

ವಿವೇಕಾನಂದ ಕೆಮ್ಮಿದರು. "ತಾರೀಖು ತಪ್ಪಿರಬಹುದು..."

"ಒಂಬತ್ತು ದಿನ ಅಲ್ಲೇ ಕೂತಿದ್ರ ಸಾವಿನ ಸುದ್ದಿ ಗೊತ್ತಿರ್ತಿತ್ತು ಸರ್. ಗೊತ್ತಿದ್ರ ಈ ಮನಿ ಆರಸ್ತಿದ್ದಿಲ್ಲ. ಸೂತಕದ ಮನ್ಯಾಗ ಚರಗ ಇಲ್ಲ. ನೀವು ಕಣ್ಣಾರೆ ನೋಡೀನಿ ಅಂತ ಬರ್ದು ಕೊಟ್ಟೀರಿ. ಆಗದೇ ಇದ್ದದ್ದನ್ನ ಹೆಂಗ ನೋಡಿದ್ರಿ?"

ಅವಳು ರಿಜಿಸ್ಟರು ಮುಚ್ಚಿದಳು.

"ಗ್ರಾಮಸಭೆದಾಗ ಇವ್ರು ಕೂಗಿದ್ದು ಕೇಳಿದ್ರಿ. ಗುಡಿಸಲದಾಗ ಔಷಧ ಇರ್ತದಂತ ಗೊತ್ತಿತ್ತು. ತ್ರಿವೇಣಿ ಬಾಯಿ ಕಡೆ ನೂರೈವತ್ತು ಕಡಬು ಒಯ್ದ್ರಿ, ಬಜ್ಜಿ ಬ್ಯಾಡ ಅಂದ್ರಿ. ಹಕ್ಕಿಗೆ ಬಜ್ಜಿ ಯಾಕ ಅಂತ. ನಿನ್ನೆ ಮಂದಿ ಹೊಲ ಬಿಟ್ಟು ಹೋದ ಮ್ಯಾಲ ಹೊತ್ತು ಮುಣಗೂ ಹೊತ್ತಿಗೆ ಅದಕ್ಕ ವಿಷ ಹಚ್ಚಿ ಹಾಕಿ ಹೋದ್ರಿ. ಆ ಕೆರ್ಯಾಗ ಇದ್ದದ್ದೇ ಮುನ್ನೂರು ಹಕ್ಕಿ ಸರ್. ನಾ ಮೂರು ಸಲ ಎಣಿಸೀನಿ. ಎರಡು ಸಾವಿರ ಯಾವತ್ತೂ ಇದ್ದಿಲ್ಲ. ದಿಲ್ಲಿಯವ್ರು ಬಂದು ಎಣಿಸಿದ್ರ ನೀವು ಸಿಗಬೀಳ್ತಿದ್ರಿ. ಊರವ್ರು ವಿಷ ಹಾಕಿದ್ರು, ಉಳದವು ಹಾರಿ ಹೋದ್ವು ಅಂದ್ರ ನಿಮ್ಮ ಸುಳ್ಳು ಮುಚ್ಚಿ ಹೋಗ್ತಿತ್ತು."

ಮಜರ್ ತ್ರಿವೇಣಿಯ ಫೋನಿನ ಚಿತ್ರ ನೋಡಿದರು. ವಿವೇಕಾನಂದರ ಕಡೆ ತಿರುಗಿದರು.

ವಿವೇಕಾನಂದರ ಮುಖ ಬಿಗಿಯಿತು. "ಮುನ್ನೂರು ಅಂತ ಬರದ್ರ ಯಾರು ನೋಡ್ತಾರ್ರೀ ಈ ಕೆರೀನ? ಮುಂದಿನ ವರ್ಷ ಪ್ಲಾಟು ಹಾಕ್ತಾರ! ನಲವತ್ತು ಹಕ್ಕಿ ಸತ್ತು ಕೆರಿ ಉಳದ್ರ ಏನ್ ತಪ್ಪು? ನಾ ಕೆರಿ ಉಳಸ್ಲಿಕ್ಕೇ ಮಾಡೀನಿ!"

"ಮತ್ತ ನಾನು?" ದೌಲಪ್ಪ ಬೆಂಚಿನಿಂದ ಎದ್ದ. "ನಾ ಯಾವ ಪಟ್ಟಿಯಾಗ ಬರ್ತೀನಿ, ಸಾಹೇಬ್ರ?"



ಮಜರ್ ಆರೋಪಿಯ ಹೆಸರು ಹೊಡೆದು ಹಾಕಿ ಬೇರೆ ಹೆಸರು ಬರೆದರು. ಪಂಚಶೀಲಾಳ ಕಡೆ ನೋಡದೆಯೇ ಅಂದರು. "ಕೆರಿ ಹೋಯ್ತು. ಖುಷಿ ಆಯ್ತೇನು?"

ಅವಳು ಸಹಿ ಮಾಡಿದಳು.

ಅಂಗಳದಲ್ಲಿ ದೌಲಪ್ಪ ಚಪ್ಪಲಿ ಮೆಟ್ಟುತ್ತಿದ್ದ. ಧನ್ಯವಾದ ಹೇಳಲಿಲ್ಲ. ಗೇಟಿನವರೆಗೆ ಹೋಗಿ ನಿಂತ.

"ನಿಮ್ಮ ಹಕ್ಕಿ ನನ್ನ ಕಡ್ಲಿ ಮೇಯ್ದಾವ. ಅದಕ್ಕ ನಾಳಿನೂ ಬೈತೀನಿ, ನಾಡದೂ ಬೈತೀನಿ."

"ಬೈರಿ," ಎಂದಳು ಪಂಚಶೀಲಾ.

"ದಿಲ್ಲಿ ಮಂದಿ ಬಂದ್ರ ನನ್ನ ಬದುವಿನ ಮ್ಯಾಲ ನಿಂದ್ರಸ್ರಿ. ಅಲ್ಲಿಂದ ಕೆರಿ ಪೂರಾ ಕಾಣ್ತದ. ಇದ್ದಷ್ಟೇ ಎಣಿಸ್ಲಿ."

ಹಾಗೆಂದವನು ತಿರುಗಿಯೂ ನೋಡದೆ ನಡೆದ.