ಭಾವನ ಅಂಗಿ

ಹೋದ ವರ್ಷ ಕಡಲಾಮೆ ನೋಡಲು ಹೋಗಿ ಅಕ್ಕ ಮುಳುಗಿದ್ದ ಬಂಡೆಗಳ ತೀರಕ್ಕೆ ಹೋದ ತಿಂಗಳು ಭಾವನ ಜೊತೆ ನಡೆದು ಹೋಗಿದ್ದೆ. ಅವಳ ಹೆಣವೂ ಸಿಕ್ಕಿರಲಿಲ್ಲ. ಆಮೆಯ ಮೊಟ್ಟೆ ತುಳಿಯದಂತೆ ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆಯಿಡಬೇಕೆಂದು ಅವಳೇ ಕಲಿಸಿದ್ದಳು, ಹಾಗೆಯೇ ಹೊರಟೆವು. ಸಂಜೆಯಾದರೂ ಮರಳಿನ ಕಾವು ಇಳಿದಿರಲಿಲ್ಲ. ಭಾವನ ಹೆಜ್ಜೆಗಳೊಳಗೆ ಮಾತ್ರ ತಣ್ಣಗಿತ್ತು. ಭಾವ ಶೂ ಹಾಕಿದ್ದರು. ನಾನು ಕಾಲಿಡುತ್ತಿದ್ದುದು ಬರಿಗಾಲಿನ ಗುರುತುಗಳ ಮೇಲೆ.

"ಅಂಗಿ ಬಿಡೋ, ಬೀಳ್ತೀನಿ," ಎಂದರು ಭಾವ.

"ಒಂದು ಕೈಲಿ ಚಪ್ಪಲಿ, ಇನ್ನೊಂದರಲ್ಲಿ ನೀರಿನ ಬಾಟ್ಲಿ ಇದೆ ಭಾವ. ನಾನೆಲ್ಲಿ ಹಿಡಿದೆ?"

ಅವರು ನಿಂತರು, ತಿರುಗಿ ಮಾತ್ರ ನೋಡಲಿಲ್ಲ. "ಹಾಗಾದ್ರೆ ಮೆಲ್ಲಗೆ ಹೋಗೋಣ," ಎಂದರು.

ಆಮೆ ಒಂದೂ ಕಾಣಲಿಲ್ಲ. ತಿಂಗಳಿಂದ ಬಿಸಿಲಿಗೆ ಹಾಕಿದರೂ ಆ ಅಂಗಿಯ ಬೆನ್ನಿಗೆ ಅಂದು ಹತ್ತಿದ ಮುಷ್ಟಿಯಗಲದ ಒದ್ದೆ ಆರಿಲ್ಲ. ರಾತ್ರಿ ಭಾವ ಅದನ್ನೇ ತೊಟ್ಟು ಮಲಗುತ್ತಾರೆ.