ಕೆಂಪು ಚೀಟಿಯ ಹತ್ತು ದಿನ

"ಈ ಸಾಧುಪ್ರಾಣೀನ ಕಚ್ಚೋ ನಾಯಿ ಅಂತ ಬರೆದೋರು ಯಾರ್ರೀ?"

ನಲವತ್ತು ಗೂಡುಗಳ ಬೊಗಳಾಟವನ್ನೂ ಮೀರಿ ಲೂರ್ಡೆಸ್ ಕ್ಯಾಂಟುಳ ದನಿ ಕೇಳಿಸಿತು. ಅವಳ ಕೈ ಸರಳುಗಳ ಒಳಗಿತ್ತು. ಒಂಟಿ ಕಿವಿಯ ಕಂದು ನಾಯಿ ಚುರೊ ಆ ಕೈಯನ್ನು ನೆಕ್ಕುತ್ತಿತ್ತು.

"ನಾನು," ಎಂದ ಹಿಂದೆ ನಿಂತಿದ್ದವನು. ವೇಡ್ ಟಾಲಿವರ್. ಕೌಂಟಿ ಆಡಳಿತದ ಈ ಪ್ರಾಣಿ ಆಶ್ರಯದಲ್ಲಿ ನಾಯಿಗಳನ್ನು ನೋಡಿಕೊಳ್ಳುವವನು.

"ಯಾರನ್ನ ಕಚ್ತು?"

"ನನ್ನನ್ನ."

"ಎಲ್ಲಿ, ತೋರ್ಸಿ!"

ಅವನು ಅಂಗಿಯ ತೋಳನ್ನು ಇನ್ನಷ್ಟು ಕೆಳಕ್ಕೆಳೆದುಕೊಂಡ. ಟೆಕ್ಸಸ್‌ನ ಮೇ ತಿಂಗಳು, ತಗಡಿನ ಸೂರು ಕಾದು ಬಾಣಲೆಯಾಗಿತ್ತು. ಅಂಥ ಸೆಕೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ! ಅವನ ಬೂದು ಕಣ್ಣುಗಳು ಏನೋ ಹೇಳಲು ಹೊರಟಂತೆ ಅವಳ ಮೇಲೆ ಒಂದು ಗಳಿಗೆ ನಿಂತವು.

ಲೂರ್ಡೆಸ್‌ಳ ಸಂಸ್ಥೆಗಿದ್ದದ್ದು ಒಂದೇ ಹಟ. ಮನೆ ಸೇರಬಲ್ಲ ಒಂದು ಪ್ರಾಣಿಯೂ ಜಾಗವಿಲ್ಲವೆಂಬ ಕಾರಣಕ್ಕೆ ಸಾಯಬಾರದು. ಪ್ರತಿ ಗುರುವಾರ ಮಧ್ಯಾಹ್ನ ಇಲ್ಲಿ ಸೂಜಿ ಚುಚ್ಚಿ ನಾಯಿಗಳನ್ನು ಕೊಂದು ಗೂಡು ಖಾಲಿ ಮಾಡುತ್ತಿದ್ದರು. ಅದರೊಳಗೆ ಆದಷ್ಟನ್ನು ವ್ಯಾನಿಗೆ ಹತ್ತಿಸಿ, ಸಾಕಲು ಜನ ಕಾದಿರುವ ಉತ್ತರದ ಊರುಗಳಿಗೆ ಕಳಿಸುವುದು ಅವಳ ಕೆಲಸ. ಆದರೆ ಮನುಷ್ಯರನ್ನು ಕಚ್ಚಿದೆ ಎಂಬ ಕೆಂಪು ಚೀಟಿ ಗೂಡಿಗೆ ಬಿತ್ತೆಂದರೆ ಆ ನಾಯಿ ವ್ಯಾನು ಹತ್ತುವಂತಿಲ್ಲ.

ಈಗ ಆರು ಗೂಡುಗಳಿಗೆ ಕೆಂಪು ಚೀಟಿ. ಆರರಲ್ಲೂ ಕಚ್ಚಿಸಿಕೊಂಡವನು ಒಬ್ಬನೇ!

'ಅಷ್ಟು ಮೆತ್ತಗಿನ ಕಣ್ಣಿನವನು ಇಷ್ಟು ಕಟುಕನೇ?' ಆ ಕಣ್ಣುಗಳನ್ನು ಮರೆಯಲಾಗದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮಂಗಳವಾರ ಕೌಂಟಿ ಸಭೆಯಲ್ಲಿ ಅವಳು ಮೈಕ್ ಹಿಡಿದಳು. "ಈ ಮನುಷ್ಯ ಪಾಪದ ನಾಯಿಗಳ ಮೇಲೆ ಸುಳ್ಳು ಹೊರಿಸಿ ಸಾಯ್ಸೋಕೆ ಹೊರಟಿದಾನೆ. ಅಂಗಿ ತೋಳು ಮೇಲಕ್ಕೆ ಮಡಚೋಕೆ ಹೇಳಿ!"

ವೇಡ್ ಗುಂಡಿ ಬಿಚ್ಚಿದ. ಎರಡೂ ಕೈ ನುಣ್ಣಗಿದ್ದವು. ಒಂದು ಹಲ್ಲಿನ ಗುರುತೂ ಇಲ್ಲ. ಅವನನ್ನು ಕೆಲಸದಿಂದ ಅಮಾನತು ಮಾಡಿದರು, ಕೆಂಪು ಚೀಟಿಗಳನ್ನು ರದ್ದುಮಾಡಿದರು.

ಹೊರಡುವಾಗ ಅವನು ಅವಳ ಬಳಿ ಅರೆಕ್ಷಣ ನಿಂತ. "ಚುರೊಗೆ ಗುಡುಗು ಅಂದ್ರೆ ಭಯ," ಎಂದಷ್ಟೇ ಹೇಳಿ ನಡೆದುಬಿಟ್ಟ.

ಗೆದ್ದೆನೆಂದು ಬೀಗಿ ಗುರುವಾರ ಬೆಳಿಗ್ಗೆ ಆಶ್ರಯಕ್ಕೆ ಬಂದರೆ, ಬಾಗಿಲ ಬಳಿಯ ಮೇಜಿನಲ್ಲಿ ಕೂರುವ ವಯಸ್ಸಾದ ಗುಮಾಸ್ತೆ ಓಪಲ್ ಅಮ್ಮ ಮುಖ ಎತ್ತಲಿಲ್ಲ.

"ಎಂಥ ಕೆಲಸ ಮಾಡ್ಬಿಟ್ಟೆ, ಮಗಳೇ!"

"ನಾನೇನು ಮಾಡ್ದೆ?"

"ಕಚ್ಚಿದ ನಾಯಿಗೆ ಹುಚ್ಚಿದೆಯಾ ಅಂತ ಹತ್ತು ದಿನ ಕಾದು ನೋಡ್ಲೇಬೇಕು. ನಮ್ಮ ಕೌಂಟಿ ನಿಯಮ. ಆ ಹತ್ತು ದಿನ ಯಾವನೂ ಸೂಜಿ ಮುಟ್ಟಂಗಿಲ್ಲ. ಅಷ್ಟರೊಳಗೆ ಉತ್ತರಕ್ಕೆ ಹೋದ ನಿನ್ನ ವ್ಯಾನು ವಾಪಸ್ ಬರುತ್ತೆ, ವೇಡ್ ಚೀಟಿ ತೆಗೀತಾನೆ. ಹೋದ ತಿಂಗಳು ನೀನು ಹತ್ತಿಸಿದ್ಯಲ್ಲ ಹದಿಮೂರು, ಅವನ್ನ ಉಳಿಸಿದ್ದು ಯಾರು ಅಂದ್ಕೊಂಡೆ?"

ಲೂರ್ಡೆಸ್ ಮೇಜಿನತ್ತ ಬಾಗಿದಳು. ಅಲ್ಲಿ ಇವತ್ತು ಸೂಜಿ ಚುಚ್ಚಬೇಕಾದವುಗಳ ಪಟ್ಟಿ ಇತ್ತು. ಆರು ಹೆಸರು. ಮೊದಲನೆಯದು ಚುರೊ.

'ಹೇಳಬಾರದಿತ್ತೇ... ಒಂದೇ ಒಂದು ಮಾತು!'

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಮೇಲಧಿಕಾರಿ ಪ್ರೂಡ್ ಬಂದ. ಗೂಡುಗಳ ಮುಂದೆ ಲೂರ್ಡೆಸ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಬೆನ್ನ ಹಿಂದೆ ಆರೂ ಗೂಡುಗಳಲ್ಲಿ ಹೊಸ ಕೆಂಪು ಚೀಟಿಗಳು ತೂಗುತ್ತಿದ್ದವು.

"ಏನಿದು ನಾಟಕ?"

"ಕಚ್ಚಿವೆ. ಆರೂ. ನನ್ನನ್ನೇ."

"ಗಾಯ ತೋರ್ಸಿ."

"ಕಚ್ಚಿದ ಜಾಗ ನಿಮಗೆ ತೋರ್ಸೋ ಅಂಥದ್ದಲ್ಲ!"

ಓಪಲ್ ಅಮ್ಮ ಕಿಸಕ್ಕನೆ ನಕ್ಕಳು. ಪ್ರೂಡ್ ಕೆಂಪಾದ. "ಸುಳ್ಳು ದೂರು ಕೊಟ್ರೆ ಈ ಬಾಗಿಲು ನಿಮ್ಮ ಪಾಲಿಗೆ ಶಾಶ್ವತವಾಗಿ ಮುಚ್ಚುತ್ತೆ. ವ್ಯಾನೂ ಇಲ್ಲ, ಸಂಸ್ಥೆನೂ ಇಲ್ಲ. ತಿಳೀತಾ?"

ಎಂಟು ವರ್ಷದ ದುಡಿಮೆ... ಹಿಂದಿನಿಂದ ಚುರೊ ಅವಳ ಬೆನ್ನಿಗೆ ಮೂಗು ಒತ್ತಿತು.

"ತಿಳೀತು. ಬರ್ಕೊಳ್ಳಿ."

"ಚುರೊ ನನ್ನನ್ನೂ ಕಚ್ಚಿದೆ," ಎಂದಳು ಓಪಲ್ ಅಮ್ಮ, ಬಂದು ಅವಳ ಪಕ್ಕದಲ್ಲಿ ನಿಂತು.

"ನನ್ನನ್ನೂ!" "ನನ್ನನ್ನಂತೂ ಎರಡು ಸಲ!" ಸ್ನಾನ ಮಾಡಿಸುವವರು, ಗೂಡು ತೊಳೆಯುವವರು, ಎಲ್ಲರೂ ಒಬ್ಬೊಬ್ಬರಾಗಿ ಬಂದು ನಿಂತರು.

"ಇವರಲ್ಲಿ ಒಬ್ರು ನಿಜ ಹೇಳ್ತಿದ್ರೂ ಸಾಕು, ಸರ್," ಎಂದಳು ಲೂರ್ಡೆಸ್. "ನಾಳೆ ಅವ್ರು ಹುಚ್ಚು ಹಿಡಿದು ಸತ್ರೆ, ಕಾದು ನೋಡದೆ ನಾಯಿ ಕೊಂದೋರು ಯಾರು ಅಂತ ಪತ್ರಿಕೆಯೋರು ಕೇಳ್ತಾರೆ. ನಿಮ್ಮ ಹೆಸರನ್ನ ಹೇಗೆ ಬರ್ಕೊಳ್ಳಿ ಅನ್ನಲಿ ಅವ್ರಿಗೆ?"

ಗಡಿಯಾರ ಹನ್ನೆರಡು ದಾಟಿತು. ಪ್ರೂಡ್ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. "ಹತ್ತು ದಿನ. ಆಮೇಲೆ ನೀವು ಈ ಕಡೆ ಕಾಲಿಡಂಗಿಲ್ಲ."

ಹನ್ನೊಂದನೆಯ ದಿನ ಬೆಳಿಗ್ಗೆ ವ್ಯಾನು ಗೇಟಿನ ಹೊರಗೆ ನಿಂತಿತ್ತು. ಲೂರ್ಡೆಸ್‌ಗೆ ಒಳಗೆ ಹೋಗುವಂತಿರಲಿಲ್ಲ. ಓಪಲ್ ಅಮ್ಮ ಕೆಂಪು ಚೀಟಿ ಕಳಚಿ ನಾಯಿಗಳನ್ನು ಒಂದೊಂದಾಗಿ ಗೇಟಿನವರೆಗೆ ತಂದಳು. ಐದು ಹತ್ತಿದವು. ಕೊನೆಗೆ ಬಂದ ಚುರೊನ ಹಗ್ಗವನ್ನು ಯಾರೋ ಕೈಚಾಚಿ ತೆಗೆದುಕೊಂಡರು.

ವೇಡ್! ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಿದ್ದ.

"ಇವನು ಉತ್ತರಕ್ಕೆ ಹೋಗಲ್ಲ," ಎಂದ. "ನಾನು ಸಾಕ್ತೀನಿ."

"ಮೊದಲೇ ಯಾಕೆ ಹೇಳ್ಲಿಲ್ಲ, ವೇಡ್?"

ಅವನು ನಾಯಿಯ ಒಂಟಿ ಕಿವಿಯನ್ನು ಸವರಿದ. "ಹೇಳಿದ್ರೆ ನೀವೂ ಸುಳ್ಳು ಹೇಳ್ಬೇಕಾಗ್ತಿತ್ತು. ನಿಮ್ಮನ್ನ ಈ ಬಾಗಿಲಿಂದ ಆಚೆ ಹಾಕ್ತಿದ್ರು. ನೀವು ಬರದೆ ಇರೋ ವಾರ... ನನಗೆ ಅಭ್ಯಾಸ ಇಲ್ಲ."

ಅವಳು ಅವನ ಕೈಗಳೆರಡನ್ನೂ ಹಿಡಿದು ತಿರುಗಿಸಿ ನೋಡಿದಳು. ಕಣ್ಣು ಮಂಜಾಯಿತು. "ಒಂದೂ ಗಾಯ ಇಲ್ಲ."

"ಇದೆ. ಸಭೇಲಿ ಮೈಕ್ ಹಿಡಿದಿದ್ದೋರು ಕಚ್ಚಿದ್ದು."

"ಹಾಗಾದ್ರೆ ನಿಯಮ ಗೊತ್ತಲ್ಲ?" ಅವಳು ಅಳುತ್ತಲೇ ನಕ್ಕಳು. "ಕಚ್ಚಿದೋರನ್ನ ಹತ್ತು ದಿನ ಕಣ್ಣೆದುರೇ ಇಟ್ಕೋಬೇಕು."

ವೇಡ್ ಕೈ ಬಿಡಿಸಿಕೊಳ್ಳಲಿಲ್ಲ.

"ಹತ್ತೇ ದಿನಾನಾ?"