ಈಗ ತಲೆ ಎತ್ತಿ ಕಾಣಿ

"ಅದ್ ಫಿಲ್ಮಂಗೆ ಇಲ್ಲೆ."

ಚೇತನಾಳ ಬಾಯಿಯಲ್ಲಿದ್ದ ಮಾತು ಅರ್ಧಕ್ಕೇ ನಿಂತಿತು.

ಗಂಗೊಳ್ಳಿಯ ಬಲೆ ಶೆಡ್ಡಿನ ತಗಡಿನ ಮೇಲೆ ಜೂನ್ ತಿಂಗಳ ಮಳೆ ಹುಯ್ಯುತ್ತಿತ್ತು. ಒಳಗೆ ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಯಾವುದೋ ಚಳಿ ದೇಶದ ನಡುಗಡ್ಡೆ. ಬಂಡೆಯ ತುದಿಯಲ್ಲಿ ಗಂಡಿಗಾಗಿ ಕಾದು ಕೂತ ಒಂದು ಕಡಲಹಕ್ಕಿ. ಮೈಕು ಹಿಡಿದ ಚೇತನಾ ಆ ಹಕ್ಕಿಯ ಪರವಾಗಿ ಮಾತಾಡುತ್ತಿದ್ದಳು. ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ, ಬೇರೆ ಬಂಡೆಯ ಮೇಲೆ ಬೇರೆ ಸಂಸಾರ ಹೂಡಿದನೋ ಹೇಗೆ ಎಂದು ಪಾಪ ಯೋಚಿಸುತ್ತಿದೆ ಎಂದಿದ್ದಳು. ಬಲೆ ಹೆಣೆಯುತ್ತ ಕೂತವರು ನಕ್ಕು ಮುಗಿಸುವುದರೊಳಗೆ ಹಿಂದಿನಿಂದ ಈ ಮಾತು ಬಂದಿತ್ತು.

ತಿರುಗಿ ನೋಡಿದಳು. ಪ್ರೊಜೆಕ್ಟರಿನ ಪಕ್ಕ, ಒದ್ದೆ ರೈನ್‌ಕೋಟಿನಲ್ಲಿ ಒಬ್ಬ ಉದ್ದನೆಯ ಹುಡುಗ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ಎಂತ ಇಲ್ಲೆ?" ಎಂದಳು, ಮೈಕಿನಲ್ಲೇ.

"ಬೇರೆ ಸಂಸಾರದ್ ಸುದ್ದಿ. ಗಾಳಿ ಜೋರಿತ್ತ್, ತಡ ಆತ್ತ್ ಅಂದ್ ಮಾತ್ರ ಫಿಲ್ಮಿನವ್ರ್ ಹೇಳದ್ದ್."

"ಹಕ್ಕಿ ಮನ್ಸಂಗೆ ಇರ್ಲಕ್ಕಲೆ?"

"ಹಕ್ಕಿ ನಿಮ್ಹತ್ರ ಹೇಳಿತಾ?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಈ ಸಲ ಹಕ್ಕಿಯನ್ನು ಕಂಡಲ್ಲ, ಅವಳನ್ನು ಕಂಡು.

ಚೇತನಾಳ ಕಿವಿ ಬಿಸಿಯಾಯಿತು. ಯಾರಿವ... ನನ್ನ ಮೈಕಿಗೇ ಅಡ್ಡ ಬರುವವ!

ಅವಳಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಚೇತನಾಳ ಮುಖ ಕಾಣದವರಿಗೂ ಅವಳ ಸ್ವರ ಗೊತ್ತು. ಕುಂದಾಪುರದ ಒಂದು ಮೈಕಿನ ಅಂಗಡಿಯಲ್ಲಿ ಅವಳಿಗೆ ಕೆಲಸ. ಕಬಡ್ಡಿ ಪಂದ್ಯ, ಕಣ್ಣು ತಪಾಸಣೆ, ಬಟ್ಟೆಯಂಗಡಿಯ ಆಷಾಢದ ರಿಯಾಯಿತಿ ಎಂದು ಬೈಂದೂರಿನಿಂದ ಬ್ರಹ್ಮಾವರದ ತನಕ ರಿಕ್ಷಾಗಳು ಕೂಗಿಕೊಂಡು ಹೋಗುವುದು ಅವಳದೇ ರೆಕಾರ್ಡು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಆ ಕೆಲಸ ನಡೆಯುವುದಿಲ್ಲ. ಸಾದಾ ಪಂದ್ಯ ಹಿಂದೆಂದೂ ಕಾಣದ ಪಂದ್ಯವಾಗಬೇಕು.

ಆ ಉದ್ದನೆಯವ ಕೋಟೇಶ್ವರದ ಕೀರ್ತನ್. ಕೆಲಸ ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯುವುದು. ಹುಚ್ಚು ಮಾತ್ರ ಡಾಕ್ಯುಮೆಂಟರಿಯದು. ಯಾರು ಯಾವ ವಿಷಯ ಹೇಳಿದರೂ ಅದರ ಮೇಲೊಂದು ಒಳ್ಳೆಯದನ್ನು ಹುಡುಕಿ ಕೊಡುತ್ತಿದ್ದ. ಜೇನು ಸಾಕುವವನಿಗೆ ಜೇನಿನದು, ಗುಡುಗಿಗೆ ಹೆದರುವ ಮಗುವಿಗೆ ಮೋಡದ್ದು. ಎಲ್ಲೂ ಸಿಗದಿದ್ದರೆ ಮಾಡಿದವರಿಗೇ ಬರೆದು, ಅವರ ಒಪ್ಪಿಗೆಯಿಂದ ತರಿಸುತ್ತಿದ್ದ. ಕೊಡುವಾಗ ಹುಳುಕನ್ನೂ ಹೇಳಿಯೇ ಕೊಡುವುದು ಅವನ ಕ್ರಮ. "ಮೊದ್ಲ್ ಸ್ವಲ್ಪ ಬೇಜಾರ್. ತಡ್ಕಣಿ. ಆಮೇಲೆ ಲಾಯ್ಕಿತ್ತ್" ಎಂದು ಅವನು ಹೇಳಿದರೆ ಅದು ಹಾಗೆಯೇ ಇರುತ್ತಿತ್ತು.

ಮಳೆಗಾಲದಲ್ಲಿ ದೋಣಿಗಳು ದಡದಲ್ಲಿ ನಿಂತಾಗ ಶೆಡ್ಡಿನಲ್ಲಿ ಬಲೆ ರಿಪೇರಿ. ಕೈಗೆ ಕೆಲಸ, ಕಿವಿ ಖಾಲಿ. ದೋಣಿ ನಡೆಸುವ ಹಿರಿಯ ತಾಂಡೇಲ ಗುಡ್ಡಣ್ಣನಿಗೆ ಮೊಬೈಲಿನ ಚಿಲ್ಲರೆ ವಿಡಿಯೋಗಳು ಸಾಕಾಗಿದ್ದವು. ಎಂತದಾದರೂ ತೂಕದ್ದು ತೋರಿಸು ಮಾರಾಯ ಎಂದು ಕೀರ್ತನನಿಗೆ ಗಂಟುಬಿದ್ದಿದ್ದ. ಆದರೆ ಬಲೆ ಹೆಣೆಯುವವರ ಕಣ್ಣು ಬಲೆಯ ಮೇಲೆಯೇ ಇರಬೇಕಲ್ಲ? ಅಕ್ಷರ ಓದಲು ಪುರುಸೊತ್ತಿಲ್ಲ, ಇಂಗ್ಲಿಷ್ ಅರ್ಥವಾಗುವುದಿಲ್ಲ. ನಮ್ಮ ಮಾತಿನಲ್ಲಿ ಹೇಳುವವರು ಬೇಕಿತ್ತು. ಬಾಡಿಗೆಗೆ ಬಂದ ಪ್ರೊಜೆಕ್ಟರು ಮೈಕಿನ ಜೊತೆ ಚೇತನಾಳೂ ಬಂದದ್ದು ಹಾಗೆ.

ಅವತ್ತಿನ ಜಗಳವನ್ನು ಗುಡ್ಡಣ್ಣನೇ ತೀರ್ಮಾನಿಸಿದ.

"ಹೆಣ್ಣೇ, ನೀನ್ ಸೇರ್ಸ್. ನಮ್ಗ್ ಅದೇ ಖುಷಿ. ಆದ್ರೆ ಸೇರ್ಸುಕ್ ಮುಂಚೆ 'ಇದ್ ನಂದ್' ಅಂದ್ ಒಂದ್ ಮಾತ್ ಹೇಳ್. ಅವಂಗೂ ಸಮಾಧಾನ."

ಅಂದಿನಿಂದ ಅದೇ ಕಟ್ಟಳೆಯಾಯಿತು.

* * *

ಪ್ರತಿ ಫಿಲ್ಮಿನ ಹಿಂದಿನ ಸಂಜೆ ಇಬ್ಬರೂ ಮೈಕಿನ ಅಂಗಡಿಯಲ್ಲಿ ಕೂತು ಅದನ್ನು ಪೂರ್ತಿ ನೋಡುತ್ತಿದ್ದರು. ಅವನು ಅರ್ಥ ಬಿಡಿಸಿ ಹೇಳುತ್ತಿದ್ದ. ಎಲ್ಲಿ ಕೈ ಬಿಟ್ಟು ನೋಡಲೇಬೇಕೋ ಆ ಜಾಗ ತೋರಿಸುತ್ತಿದ್ದ. ಮರುದಿನ ಶೆಡ್ಡಿನಲ್ಲಿ ಸರಿಯಾಗಿ ಅದೇ ಜಾಗಕ್ಕೆ ಚೇತನಾಳ ಸ್ವರ ಏಳುತ್ತಿತ್ತು:

"ಈಗ ತಲೆ ಎತ್ತಿ ಕಾಣಿ."

ಬಲೆ ಸೂಜಿಗಳೆಲ್ಲ ನಿಲ್ಲುತ್ತಿದ್ದವು. ತಲೆಗಳೆಲ್ಲ ಒಟ್ಟಿಗೆ ಮೇಲೇಳುತ್ತಿದ್ದವು.

ಮರುಭೂಮಿಯಲ್ಲಿ ಒಂಟೆಯ ಮೇಲೆ ಉಪ್ಪು ಹೇರಿಕೊಂಡು ಹೋಗುವವರು ಬಂದರು. ಹಿಮದ ಗುಡ್ಡದಲ್ಲಿ ರೈಲು ಓಡಿಸುವ ಹೆಂಗಸು ಬಂದಳು. ಗಾಜಿನ ಕಣ್ಣು ಮಾಡಿಕೊಡುವ ಮುದುಕ ಬಂದ. ಗೆದ್ದಲಿನ ಫಿಲ್ಮು ಮುಗಿದ ದಿನ ಗುಡ್ಡಣ್ಣ, ನಮ್ಮ ಸಂಘಕ್ಕಿಂತ ಇವರದೇ ಚೆನ್ನಾಗಿ ನಡೆಯುತ್ತದಲ್ಲ ಮಾರಾಯ್ರೆ ಎಂದ.

ಚೇತನಾ ಗಮನಿಸುತ್ತಿದ್ದಳು. ಈ ಮನುಷ್ಯ ತಾನು ನೆನೆಯುತ್ತಾನೆ, ಹಾರ್ಡ್‌ಡಿಸ್ಕನ್ನು ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ತರುತ್ತಾನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವನಿಗೆ ನಾಚಿಕೆಯಿಲ್ಲ. ಹೊಗಳಲು ಮಾತ್ರ ಬರುವುದಿಲ್ಲ.

ಒಂದು ಸಂಜೆ ವಯರು ಸುತ್ತುತ್ತ, ಅವಳ ಮುಖ ನೋಡದೆಯೇ ಹೇಳಿದ. "ಇವತ್ ನೀವ್ ಸೇರ್ಸದ್ ಚಂದ ಇತ್ತ್."

ಅಷ್ಟೇ. ಗಂಗೊಳ್ಳಿಯ ಬಸ್ಸಿನಲ್ಲಿ ಕಿಟಕಿ ಬದಿ ಕೂತವಳಿಗೆ ಎರಚಲು ಹೊಡೆದದ್ದೂ ಗೊತ್ತಾಗಲಿಲ್ಲ. ಸಾವಿರ ಜನರ ಚಪ್ಪಾಳೆ ಕೇಳಿದ್ದೇನೆ... ಈ ಒಂದು ಮಾತಿಗೆ ಯಾಕೆ ಹೀಗಾಗುತ್ತಿದೆ?

ಆ ಧೈರ್ಯದಲ್ಲೇ ಮರುವಾರ ಅವನಿಗೊಂದು ಫಿಲ್ಮು ಹುಡುಕಲು ಹೇಳಿದಳು. ಸಣ್ಣವಳಿದ್ದಾಗ ಟಿವಿಯಲ್ಲಿ ಅರ್ಧ ನೋಡಿದ್ದು. ಯಾವುದೋ ದೂರದ ಬಂದರಿನಲ್ಲಿ ಒಬ್ಬ ಹೆಂಗಸು ರೇಡಿಯೋದಲ್ಲಿ ದೋಣಿಗಳಿಗೆ ಗಾಳಿಯ ಸುದ್ದಿ ಓದುತ್ತಾಳೆ. ಹಸಿರು ಗೋಡೆ, ಮೇಜಿನ ಮೇಲೊಂದು ಕೆಟಲ್. ಒಂದು ದೋಣಿ ಓಗೊಡುವುದಿಲ್ಲ. ಅವಳು ಕರೆಯುತ್ತಾಳೆ, ಮತ್ತೆ ಕರೆಯುತ್ತಾಳೆ, ಅಷ್ಟರಲ್ಲಿ ಕರೆಂಟು ಹೋಯಿತು. ಚೇತನಾ ಮೈಕು ಹಿಡಿದದ್ದೇ ಆ ಹೆಂಗಸಿನಿಂದ. ಆದರೆ ಆ ದೋಣಿ ಬಂತೋ ಇಲ್ಲವೋ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ.

"ಹುಡ್ಕುವ" ಎಂದ ಕೀರ್ತನ್. ಸಿಗುತ್ತದೆ ಎನ್ನಲಿಲ್ಲ.

ಆಮೇಲೆ ಹೊತ್ತು ಗೊತ್ತಿಲ್ಲದೆ ಫೋನು ಬರತೊಡಗಿತು. ಗೋಡೆ ಪಾಚಿಯ ಹಸಿರೋ ಬಾಳೆ ಎಲೆಯ ಹಸಿರೋ? ಕೆಟಲಿಗೆ ಹಿಡಿ ಮೇಲಿತ್ತೋ ಬದಿಯಲ್ಲೋ? ಒಂದು ತುಣುಕು ಕಳಿಸುತ್ತಿದ್ದ, ಇದಲ್ಲ ಎನ್ನುತ್ತಿದ್ದಳು. ಮತ್ತೊಂದು ಬರುತ್ತಿತ್ತು. ಪ್ರತಿ ಸಲವೂ ಒಂದೇ ರಿಂಗಿಗೆ ಫೋನು ಎತ್ತುತ್ತಿದ್ದಳು. ಇಷ್ಟು ಹುಡುಕುವವನಿಗೆ ಇಲ್ಲೇ ಎದುರಿಗೆ ಇರುವುದು ಕಾಣುವುದಿಲ್ಲವೇ...

* * *

ಜುಲೈ ಕೊನೆಗೆ ಬ್ರಹ್ಮಾವರದಿಂದ ಚೇತನಾಳಿಗೊಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ತಾಯಿ ಸುಂದರಿಯಮ್ಮ ಮಲ್ಲಿಗೆ ಬೆಳೆಸುವವರು. ಬೇಡ ಎನ್ನಲು ಚೇತನಾ ಬಾಯಿ ತೆರೆಯುವುದರೊಳಗೆ ಅಮ್ಮ ಸಂಭ್ರಮದಿಂದ ಸುದ್ದಿ ಹೇಳಿದಳು. ಊರ ಪದ್ಧತಿಯಂತೆ ಅವರು ಹುಡುಗಿಯ ಬಗ್ಗೆ ಗುಟ್ಟಾಗಿ ವಿಚಾರಿಸಿದ್ದರಂತೆ. ಕೇಳಿದ್ದು ಕೀರ್ತನನ ಹತ್ತಿರ. ಸುಂದರಿಯಮ್ಮ ಗಿಡಮರದ ಫಿಲ್ಮುಗಳನ್ನು ಅವನಿಂದಲೇ ಪಡೆಯುವವರು, ಅವನ ಮಾತೆಂದರೆ ಅವರಿಗೆ ಕಲ್ಲಿನಲ್ಲಿ ಬರೆದ ಹಾಗೆ. ಅವನು ಅಷ್ಟು ಒಳ್ಳೆಯ ಮಾತು ಹೇಳಿದನಂತೆ. ಭಾನುವಾರ ಬರುತ್ತಾರಂತೆ.

ಚೇತನಾ ಫೋನು ತೆಗೆದು ಅವನ ಹೆಸರನ್ನೇ ನೋಡಿದಳು.

ನನ್ನನ್ನು ಶಿಫಾರಸು ಮಾಡಿದನೇ... ಬೇರೆಯವರಿಗೆ?

ಮರುದಿನ ಕುಂದಾಪುರದ ಶಾಸ್ತ್ರಿ ಸರ್ಕಲಿನ ಹತ್ತಿರ ಕೀರ್ತನ್ ಕೇಬಲ್ ಕಂಬದ ಮೇಲಿದ್ದ. ಕೆಳಗೆ ನಿಂತು ಇಳಿಯಿರಿ ಎಂದಳು. ಇಳಿದ.

"ನನ್ ಬಗ್ಗೆ ಎಂತ ಹೇಳ್ದ್ರಿ ಅವ್ರಿಗೆ?"

"ಇದ್ದದ್ದೇ ಹೇಳ್ದೆ."

"ಮೊದ್ಲ್ ಸ್ವಲ್ಪ ಬೇಜಾರ್, ತಡ್ಕಣಿ, ಆಮೇಲೆ ಲಾಯ್ಕಿತ್ತ್ ಅಂದ್ರ್ಯಾ?"

ಅವನು ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ತಿರುಗಿಸುತ್ತ ನಿಂತ. "ಅವ್ರ್ ಕೇಂಡದ್ ನಿಮ್ ಬಗ್ಗೆ. ಸುಳ್ಳ್ ಹೇಳುಕ್ ಬತ್ತಿಲ್ಲೆ. ಒಳ್ಳೆ ಮನಿ ಅದ್. ನಿಮ್ಗ್ ಸಿಕ್ಕುದನ್ನ ನಾ ತಪ್ಸುದಾ?"

"ಸರಿ. ಅಷ್ಟೆಲ್ಲ ಹೇಳು ಹೊತ್ತಿಗೆ, 'ಇದ್ ನಂದ್' ಅಂದ್ ಸೇರ್ಸುಕೆ ನಿಮ್ಹತ್ರ ಒಂದ್ ಮಾತೂ ಇರ್ಲಿಲ್ಯಾ?"

ಅವನು ಪ್ಲೇಯರನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದ. ಎದುರಿನ ಅಂಗಡಿಯವನು ನೆಟ್ ಇನ್ನೂ ಬಂದಿಲ್ಲ ಮಾರಾಯ ಎಂದು ಕೂಗಿದ.

ಚೇತನಾ ತಿರುಗಿ ನಡೆದಳು. ಅತ್ತಿದ್ದು ಬಸ್ಸು ಸೇತುವೆ ದಾಟಿದ ಮೇಲೆ. ಮರುದಿನದಿಂದ ಶೆಡ್ಡಿಗೆ ಹೋಗಲಿಲ್ಲ, ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದಳು.

* * *

ಭಾನುವಾರ ಸುಂದರಿಯಮ್ಮ ಬಂದರು. ಒಬ್ಬರೇ ಬಂದರು, ಒಂದು ಚೆಂಡು ಮಲ್ಲಿಗೆ ಹಿಡಿದುಕೊಂಡು. ಅಮ್ಮ ಒಳಗೆ ಕಾಫಿಗೆ ಹೋದದ್ದೇ ಚೇತನಾಳನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಮಗಾ, ನಾನ್ ಹೆಣ್ಣ್ ಕಾಂಬುಕ್ ಬಂದದ್ದಲ್ಲ. ನನ್ ಮಗ ಬತ್ತಿಲ್ಲೆ ಅಂದ್ ಹೇಳುಕ್ ಬಂದೆ."

ಚೇತನಾ ಅವರ ಮುಖ ನೋಡಿದಳು.

ಸುಂದರಿಯಮ್ಮ ನಿಧಾನವಾಗಿ ಹೇಳಿದರು. ಆ ಹುಡುಗ ಒಂದೊಂದು ಫಿಲ್ಮಿನ ಬಗ್ಗೆ ಎರಡು ಮಾತು ಆಡಿದರೆ ಹೆಚ್ಚು. ನಿನ್ನ ಬಗ್ಗೆ ಕೇಳಿದರೆ ನನ್ನ ಅಂಗಳದಲ್ಲಿ ಹೂವು ಕೊಯ್ದು ಮುಗಿಯುವ ತನಕ ಹೇಳಿದ. ಹುಳುಕು ಏನಾದರೂ ಉಂಟಾ ಎಂದೆ. ಇಲ್ಲದ್ದನ್ನು ಸೇರಿಸಿ ಹೇಳುತ್ತಾಳೆ ಎಂದ. ಹೇಳುತ್ತ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನು ಹೋದ ಮೇಲೆ ಮಲ್ಲಿಗೆ ಕಟ್ಟುತ್ತ ಅದನ್ನೇ ಯೋಚಿಸಿದೆ...

"ಅಷ್ಟ್ ಕಂಡವ ಬೇರೆಯವ್ರಿಗ್ ಯಾಕ್ ಹೇಳ್ತ? ತನ್ ಮಾತ್ ಸೇರ್ಸುಕಾಗ ಅಂದ್ ಎಣ್ಸಿದ್ನೋ ಎಂತದೋ, ಹುಚ್ಚ ಅವ." ಹೂವನ್ನು ಅವಳ ಮಡಿಲಿಗೆ ಹಾಕಿದರು. "ಹೋಯಿ ಕೇಣ್."

ಚೇತನಾ ಹೋಗಲಿಲ್ಲ. ಯಾರೋ ಹೇಳಿ ತನಗೆ ಗೊತ್ತಾಗುವುದು ಬೇಡ. ಅವನ ಬಾಯಿಂದಲೇ ಬರಬೇಕು. ಬಾರದಿದ್ದರೆ ಅದು ತನ್ನದಲ್ಲ.

ಅಷ್ಟರಲ್ಲಿ ಗುಡ್ಡಣ್ಣನಿಂದ ಕರೆ ಬಂತು. ನಾಳೆ ಶೆಡ್ಡಿನಲ್ಲಿ ಈ ವರ್ಷದ ಕೊನೆಯ ಪಿಚ್ಚರು, ಆಮೇಲೆ ದೋಣಿಗಳು ಕಡಲಿಗೆ.

"ಸ್ವರ ಹೋದ್ರೆ ಕೈ ಇತ್ತಲೆ? ಬಂದ್ ಬಲೆ ಹೆಣಿ."

* * *

ಹೋದಳು. ಮುಡಿಯಲ್ಲಿ ಸುಂದರಿಯಮ್ಮನ ಮಲ್ಲಿಗೆ ಬಾಡಿ ಘಮ್ಮೆನ್ನುತ್ತಿತ್ತು. ಎಲ್ಲರಿಗಿಂತ ಹಿಂದೆ ಕೂತು ಸೂಜಿ ಹಿಡಿದು ತಲೆ ತಗ್ಗಿಸಿದಳು.

ಮಳೆ ಬಿಟ್ಟಿತ್ತು. ಮೈಕಿನ ಮುಂದೆ ಕೀರ್ತನ್. ಅವನ ಸ್ವರ ನೀರಿಲ್ಲದ ಪಂಪಿನಂತೆ ತಡೆತಡೆದು ಬರುತ್ತಿತ್ತು. ಈ ಫಿಲ್ಮು ಎಲ್ಲೂ ಇರಲಿಲ್ಲ, ಒಂದು ಸಣ್ಣ ಬಂದರಿನ ಲೈಬ್ರರಿಯವರು ಪೆಟ್ಟಿಗೆ ತೆರೆದು ಹುಡುಕಿ ಕಳಿಸಿದರು ಎಂದ. ಮೊದಲು ಸ್ವಲ್ಪ ಬೇಜಾರು, ತಡೆದುಕೊಳ್ಳಿ ಎಂದ.

ಆಮೇಲೆ, ಒಬ್ಬ ಹೆಂಗಸು ಹಸಿರು ಗೋಡೆಯ ಕೋಣೆಯಲ್ಲಿ ಕೂತಿದ್ದಾಳೆ, ಮೇಜಿನ ಮೇಲೆ ಕೆಟಲ್ ಇದೆ ಎಂದ.

ಚೇತನಾಳ ಸೂಜಿ ನಿಂತಿತು.

ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣೀರು ಕಾಣುತ್ತದೆ. ಕಿವಿಯಲ್ಲೇ ಎಲ್ಲ ಕಂಡಳು. ಹೆಂಗಸು ದೋಣಿಯನ್ನು ಕರೆದಳು, ಮತ್ತೆ ಕರೆದಳು. ಕರೆಂಟು ಹೋದ ಜಾಗ ಬಂತು. ದಾಟಿತು. ಬೆಳಗಾಗುವ ಹೊತ್ತಿಗೆ ರೇಡಿಯೋದಲ್ಲಿ ಒಂದು ಗೊಗ್ಗರು ಸ್ವರ ಓಗೊಟ್ಟಿತು. ಎಂಜಿನ್ ಕೆಟ್ಟಿತ್ತು, ಎಲ್ಲರೂ ಕ್ಷೇಮ, ಬರುತ್ತಿದ್ದೇವೆ. ಹೆಂಗಸು ಕೆಟಲಿನಿಂದ ಚಹಾ ಬಗ್ಗಿಸಿಕೊಂಡಳು.

ಬಂತು... ದೋಣಿ ಬಂತು.

ಫಿಲ್ಮು ಮುಗಿಯಿತು. ಮೈಕು ಮಾತ್ರ ಆರಲಿಲ್ಲ.

"ಇನ್ ಹೇಳುದ್ ಫಿಲ್ಮಂಗೆ ಇಲ್ಲೆ," ಎಂದ ಕೀರ್ತನ್. "ಇದ್ ನಂದ್."

ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಒಬ್ರ್ ಬಗ್ಗೆ ನನ್ಹತ್ರ ಕೇಂಡ್ರ್. ಇದ್ದದ್ದೆಲ್ಲ ಹೇಳ್ದೆ. ಅವ್ರ್ ನಂಗ್ ಬೇಕ್ ಅಂದ್ ಮಾತ್ರ ಹೇಳ್ಲಿಲ್ಲೆ. ಅದ್ ಸೇರ್ಸದ್ ಆತ್ತ್ ಅಂದ್ ಎಣ್ಸಿದ್ದೆ. ಅಲ್ಲ. ಅದೂ ಇದ್ದದ್ದೇ." ಉಸಿರು ಎಳೆದುಕೊಂಡದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು. "ಚೇತನಾ... ಈಗ ತಲೆ ಎತ್ತಿ ಕಾಣಿ."

ರೂಢಿಬಲದಿಂದ ಶೆಡ್ಡಿನ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು.

"ನಮ್ಗಲ್ಲ ಮಾರಾಯ್ರೆ, ಹೆಸ್ರ್ ಹೇಳ್ಲಿಲ್ಯಾ?" ಎಂದು ಗುಡ್ಡಣ್ಣ ಗದರಿದ. "ಬಲೆ ಕಾಣಿ, ಬಲೆ."

ಒಂದೊಂದೇ ತಲೆ ತಗ್ಗಿತು. ಎಲ್ಲದರ ಹಿಂದೆ ಒಂದು ತಲೆ ಮೆಲ್ಲಗೆ ಮೇಲೆದ್ದಿತು.

ಚೇತನಾ ಎದ್ದು, ಹರಡಿದ ಬಲೆಯ ಅಂಚು ತುಳಿಯದಂತೆ ನಡೆದು ಬಂದಳು. ಅವನ ಕೈಯಿಂದ ಮೈಕು ತೆಗೆದುಕೊಂಡಳು. ಸ್ವಿಚ್ಚು ಆರಿಸಿದಳು. ಹುಟ್ಟಿದಂದಿನಿಂದ ಒಂದು ಮಾತನ್ನು ಮೈಕಿಲ್ಲದೆ ಹೇಳಬೇಕು ಅನ್ನಿಸಿದ್ದು ಅವಳಿಗೆ ಅದೇ ಮೊದಲು.

"ಎಷ್ಟ್ ತಡ ಮಾಡ್ದೆ ನೀನ್..."

"ಗಾಳಿ ಜೋರಿತ್ತ್" ಎಂದ ಅವನು, ಮೆಲ್ಲಗೆ.

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವನು ಅವಳ ಕಣ್ಣನ್ನೇ ನೋಡುತ್ತ ಕೇಳಿದ.

"ನನ್ನ ಬಗ್ಗೆ ಯಾರಾರೂ ಕೇಂಡ್ರೆ ಎಂತ ಹೇಳ್ತೆ?"

"ಮೊದ್ಲ್ ಸ್ವಲ್ಪ ಬೇಜಾರ್. ತಡ್ಕಣಿ ಅಂದ್ ಹೇಳ್ತೆ."

"ಆಮೇಲೆ?"

"ಆಮೇಲಿನದ್ ನಾನೂ ಕಾಣ್ಲಿಲ್ಲೆ," ಎಂದಳು ಚೇತನಾ, ಅವನ ಬೆರಳಿಗೆ ಬೆರಳು ಹೆಣೆಯುತ್ತ. "ಒಟ್ಟಿಗ್ ಕಾಂಬ."